ಹರಿಹರದಿಂದ ದೊಡ್ಡಪ್ಪನ ಮನೆಗೆ

ಮೊದಲ ದಿನ

ಸೆಪ್ಟೆಂಬರ್ 8ಕ್ಕೆ ಹರಿಹರದಲ್ಲಿ ಆರೋಗ್ಯ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಹಬ್ಬ. ಹಿಂದಿನ ದಿನ ಸಂಜೆ ನಾಲ್ಕಕ್ಕೆ ನಾನೂ ನನ್ನ ಹೆಂಡತಿಯೂ ದಾವಣಗೆರೆಯಿಂದ ನಡೆದು ಹೊರಟೆವು. ಹೆಚ್ಚುಕಮ್ಮಿ 14 ಕಿಲೋಮೀಟರ್. ಅವಳಿಗೆ ಇದು ಚಿಕ್ಕಂದಿನಿಂದ ಅಭ್ಯಾಸ. ನನಗೆ ಇದೇ ಮೊದಲು.

ಕಾರಣ ಇದೆ. ಅವಳು ಕ್ಯಾಥೊಲಿಕ್, ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಭಾನುವಾರ ಅವಳು ಪೂಜೆಗೆ, ನಾನು ಆರಾಧನೆಗೆ, ಒಂದೇ ಸ್ಕೂಟರಿನಲ್ಲಿ ಹೋಗಿ ಬೇರೆ ಬೇರೆ ಗೇಟಿನ ಮುಂದೆ ಇಳಿಯುತ್ತೇವೆ. ಮೂರ್ತಿ ಇಟ್ಟ ಕಡೆ ಕಾಲಿಡಬೇಡ ಅಂತ ನಮ್ಮಪ್ಪ ಹೇಳಿದ್ದ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾದರೂ ಆ ಮಾತನ್ನು ದಾಟಲು ನನಗೆ ಆಗಿರಲಿಲ್ಲ. ನಮ್ಮ ಸಿ.ಎಸ್.ಐ. ಹುಟ್ಟಿದ್ದೇ ಒಂದಾಗುವುದರಿಂದ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ತಮ್ಮ ತಮ್ಮ ಬೇಲಿ ಕಿತ್ತು ಒಂದಾದವು. ಅಂಥ ಸಭೆಯಲ್ಲಿ ಬೆಳೆದವನು ನಾನು, ಹೆಂಡತಿಯ ಜೊತೆ ಒಂದು ಹಬ್ಬಕ್ಕೆ ಹೋಗಲು ಹದಿನೆಂಟು ವರ್ಷ ತೆಗೆದುಕೊಂಡೆ.

ರಸ್ತೆ ತುಂಬಾ ಜನ. ದಾರಿಯಲ್ಲಿ ಒಂದು ಕಡೆ ಕೂತು ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಪಕ್ಕದಲ್ಲಿ ಬುರ್ಖಾ ಹಾಕಿದ ಒಬ್ಬ ಹೆಂಗಸು ಮಗುವಿನ ಚಪ್ಪಲಿ ಬಿಚ್ಚಿ, ಕಾಲಿನ ಬೊಬ್ಬೆಗೆ ನೀರು ಹಾಕುತ್ತಿದ್ದಳು. ಹೋದ ವರ್ಷ ಈ ಹುಡುಗನಿಗೆ ಜ್ವರ ಬಿಟ್ಟಿರಲಿಲ್ಲವಂತೆ, ಹರಕೆ ಹೊತ್ತಿದ್ದಳಂತೆ. ನನ್ನ ಹೆಂಡತಿ ಬ್ಯಾಗಿನಿಂದ ಬ್ಯಾಂಡೇಜ್ ತೆಗೆದುಕೊಟ್ಟಳು. ಹೆಸರು ಕೇಳಲಿಲ್ಲ, ಊರು ಕೇಳಿದಳು ಅಷ್ಟೆ. ಅವರಿಬ್ಬರೂ ಅಲ್ಲಿಂದ ಹರಿಹರದವರೆಗೆ ಮೊಣಕಾಲು ನೋವಿನ ಬಗ್ಗೆ ಮಾತಾಡಿಕೊಂಡು ನಡೆದರು. ಮಗುವನ್ನು ಸ್ವಲ್ಪ ದೂರ ನಾನು ಎತ್ತಿಕೊಂಡೆ.

ಹರಿಹರ ಮುಟ್ಟಿದಾಗ ಕತ್ತಲಾಗಿತ್ತು. ಆರೋಗ್ಯ ಮಾತೆಯ ಚರ್ಚಿಗೆ ಈಗ ಪೋಪ್ ಕೊಡುವ ಬಸಿಲಿಕಾ ಅನ್ನುವ ಗೌರವ ಸಿಕ್ಕಿದೆ. ಜನರ ಬಾಯಲ್ಲಿ ಮಾತ್ರ ಅದು ಈಗಲೂ ಮಾತೆ ಚರ್ಚೇ. ಕುಂಕುಮ ಇಟ್ಟವರು, ಟೋಪಿ ಹಾಕಿದವರು, ಕೊರಳಲ್ಲಿ ಜಪಸರ ಇರುವವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಪೂಜೆ ಕನ್ನಡದಲ್ಲಿತ್ತು. ಕರ್ತನು ಕಲಿಸಿದ ಪ್ರಾರ್ಥನೆ ಹೇಳುವಾಗ ಅವರ ಮಾತು ನಮ್ಮ ಮಾತಿಗಿಂತ ಅಲ್ಲಲ್ಲಿ ಬೇರೆ, ನಾನು ತಡವರಿಸಿದೆ. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಪೂರಾ ನಿಂತೇ ಹೋದೆ.

ಹೊರಗೆ ಬಂದು ಮೇಣದ ಬತ್ತಿ ಹಚ್ಚುವ ಜಾಗದಲ್ಲಿ ಹೆಂಡತಿ ನನ್ನ ಕೈಗೂ ಒಂದು ಕೊಟ್ಟಳು. ನನಗೆ ಮತ್ತಾಯನ ಐದನೇ ಅಧ್ಯಾಯ ನೆನಪಾಯ್ತು. ಕಾಣಿಕೆ ತಂದಾಗ ನಿನ್ನ ಮೇಲೆ ನಿನ್ನ ಸಹೋದರನದು ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಾ ಅಂತಾನೆ ಯೇಸು. ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಹೇಳಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಹೇಳಿದ್ದು.

ನನ್ನ ಮೇಲೆ ಒಬ್ಬರದು ಇತ್ತು. ಬತ್ತಿಯನ್ನು ಅವಳ ಕೈಗೇ ಕೊಟ್ಟೆ. "ನೀನೇ ಹಚ್ಚು. ನಾನು ದೊಡ್ಡಪ್ಪನ ಊರಿಗೆ ಹೋಗಿ ಬರ್ತೀನಿ" ಅಂದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಎರಡನೇ ದಿನ

ಬೆಳಿಗ್ಗೆ ಬಸ್ಸಿಗೆ ಮೊದಲು ಹರಿಹರೇಶ್ವರ ದೇವಸ್ಥಾನಕ್ಕೆ ಹೋದೆವು. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ ಕಟ್ಟಿಸಿದ್ದು. ಒಂದೇ ಮೂರ್ತಿ. ಬಲಗಡೆ ಅರ್ಧ ಶಿವ, ಎಡಗಡೆ ಅರ್ಧ ವಿಷ್ಣು. ಶೈವರೂ ವೈಷ್ಣವರೂ ಕಿತ್ತಾಡುತ್ತಿದ್ದ ಕಾಲದಿಂದ ಬಂದ ರೂಪ ಇದು. ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳ ನಡುವೆ ತಂಪಾಗಿತ್ತು. ನಾನು ಕೈ ಮುಗಿಯಲಿಲ್ಲ, ಅದು ನನ್ನ ನಂಬಿಕೆಯ ರೀತಿ ಅಲ್ಲ. ಆದರೆ ಚಪ್ಪಲಿ ಬಿಟ್ಟು, ಸುಮ್ನೆ ಒಂದು ಮೂಲೆಯಲ್ಲಿ ಕೂತೆ. ಒಬ್ಬರ ಮನೆಯಲ್ಲಿ ಹೇಗೆ ಕೂರಬೇಕೋ ಹಾಗೆ. ಇಷ್ಟು ಸಣ್ಣ ವಿಷಯ ನನಗೆ ಹದಿನಾರನೇ ವಯಸ್ಸಿನಲ್ಲಿ ಗೊತ್ತಿರಲಿಲ್ಲ.

ನಮ್ಮಪ್ಪನ ಊರು ಮೊಳಕಾಲ್ಮುರು ಕಡೆ. ಊರಿನ ಹೆಸರು ಬೇಡ, ಅವರ ಮನೆ ವಿಷಯವೂ ಇದರಲ್ಲಿದೆ. ಅಪ್ಪ ದಾವಣಗೆರೆಯ ಹತ್ತಿ ಗಿರಣಿಗೆ ಕೆಲಸಕ್ಕೆ ಬಂದ. ಕಾಯಿಲೆ ಬಿದ್ದಾಗ ಪಕ್ಕದ ರೂಮಿನ ಒಬ್ಬ ಕ್ರೈಸ್ತ ಕೆಲಸಗಾರ ತಿಂಗಳುಗಟ್ಟಲೆ ಗಂಜಿ ಕಾಯಿಸಿ ಕೊಟ್ಟನಂತೆ. ಅವನ ಹಿಂದೆ ಅಪ್ಪ ಚರ್ಚಿಗೆ ಹೋದ, ದೀಕ್ಷಾಸ್ನಾನ ತೆಗೆದುಕೊಂಡ. ದೊಡ್ಡಪ್ಪ ಆಗ ಏನೂ ಅನ್ನಲಿಲ್ಲ. ಹಬ್ಬಕ್ಕೆ ಬಾ, ಕುರಿ ಕಡಿಯೋವಾಗ ದೂರ ನಿಂತ್ಕೋ ಅಂದಿದ್ದ ಅಷ್ಟೆ.

1994ರಲ್ಲಿ ಅಜ್ಜಿ ತೀರಿಕೊಂಡಳು. ಮೂರು ವರ್ಷ ಲಕ್ವ ಹೊಡೆದು ಮಲಗಿದ್ದಳು. ಉಣ್ಣಿಸಿದ್ದು, ತೊಳೆದದ್ದು, ಮಗ್ಗುಲು ತಿರುಗಿಸಿದ್ದು ಎಲ್ಲಾ ದೊಡ್ಡಮ್ಮ. ಹನ್ನೊಂದನೇ ದಿನ ಅಜ್ಜಿಗೆ ಎಡೆ ಇಟ್ಟಿದ್ದರು. ಅಪ್ಪ ಎಲ್ಲರ ಮುಂದೆ, ಸತ್ತೋರಿಗೆ ಉಣ್ಣಿಸೋದು ಸೈತಾನನ ಕೆಲಸ ಅಂತ ಎದ್ದು ನಿಂತ. ದೊಡ್ಡಪ್ಪ ತಡೆದ. ಮಾತಿಗೆ ಮಾತು ಬೆಳೆಯಿತು. ದೊಡ್ಡಮ್ಮ ಅಳುತ್ತಾ ನನ್ನ ಕೈ ಹಿಡಿದು, "ನಿಮ್ಮಪ್ಪಂಗೆ ಹೇಳಪ್ಪಾ, ಇವತ್ತೊಂದಿನ ಸುಮ್ಕಿರು ಅಂತ" ಅಂದಳು. ನಾನು ಕೈ ಕಿತ್ತುಕೊಂಡು ಹೇಳಿದೆ: "ಅಜ್ಜಿ ನರಕಕ್ಕೆ ಹೋಗಿದಾಳೆ. ಎಡೆ ಇಟ್ಟರೆ ಬರಲ್ಲ."

ಮೂರು ವರ್ಷ ಆ ಮುದುಕಿಯ ಮೈ ಒರೆಸಿದವಳಿಗೆ ನಾನು ಹೇಳಿದ ಮಾತು ಇದು. ಹೇಳುವಾಗ ನಾನು ಸತ್ಯಕ್ಕೆ ಸಾಕ್ಷಿ ಹೇಳುತ್ತಿದ್ದೇನೆ ಅಂತ ನಂಬಿದ್ದೆ, ಎದೆ ಉಬ್ಬಿತ್ತು ಕೂಡ. ಅವತ್ತು ಊರು ಬಿಟ್ಟವರು ಮತ್ತೆ ಹೋಗಲಿಲ್ಲ. ಅಪ್ಪ ಸತ್ತಾಗ ದೊಡ್ಡಪ್ಪ ಬಂದಿದ್ದ. ಸಮಾಧಿ ಜಾಗದ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಹೆಗಲ ಮೇಲಿನ ಟವೆಲ್ ಬಾಯಿಗೆ ಹಿಡಿದುಕೊಂಡು ನಿಂತಿದ್ದ. ನಾನು ಮಣ್ಣು ಹಾಕಿ ತಿರುಗುವಷ್ಟರಲ್ಲಿ ಹೋಗಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ಒಂದು ಮಾತು ಹೇಳಿದಳು. "ನಿಮ್ಮಪ್ಪನ ಪರವಾಗಿ ಕ್ಷಮೆ ಕೇಳಬೇಡಿ. ಅವರ ಲೆಕ್ಕ ದೇವರ ಹತ್ರ ಇದೆ. ನಿಮ್ಮ ಮಾತು ಯಾವುದೋ ಅದಕ್ಕೆ ಮಾತ್ರ ಕೇಳಿ." ಪಾಪನಿವೇದನೆಗೆ ಕೂತು ಅಭ್ಯಾಸ ಇರುವವರಿಗೆ ಇದು ಗೊತ್ತಿರುತ್ತೆ ಅಂತ ಕಾಣುತ್ತೆ. ತಾನು ಮಾಡಿದ್ದನ್ನು ಮಾತ್ರ, ಹೆಸರು ಹಿಡಿದು ಹೇಳಬೇಕು. ಅವಳು ದಾವಣಗೆರೆಯಲ್ಲಿ ಇಳಿದಳು, ನಾನು ಚಿತ್ರದುರ್ಗದ ಬಸ್ ಹತ್ತಿದೆ.

ಲಾಡ್ಜಿಗೆ ಹೋದವನು ನಿದ್ದೆ ಬಾರದೆ ಯೋಚಿಸಿದೆ. ನಮ್ಮಲ್ಲಿ ಜಗಳ ಮುಗಿಸೋದಕ್ಕೆ ರಾಜಿ ಅಂತೀವಿ. ನಾಲ್ಕು ಜನ ಹಿರಿಯರು ಕೂತು, ಇಬ್ಬರ ಕೈಗೂ ಎಲೆ ಅಡಿಕೆ ಕೊಟ್ಟು, ಆಗಿದ್ದಾಯ್ತು ಬಿಡಿ ಅಂತಾರೆ. ಬೈಬಲ್ಲಿನಲ್ಲಿ ಸಮಾಧಾನ ಅನ್ನುವ ಪದ ಬರುತ್ತೆ, ಅದು ರಾಜಿ ಅಲ್ಲ. ರಾಜಿಯಲ್ಲಿ ಏನಾಯ್ತು ಅಂತ ಯಾರೂ ಬಾಯಿ ಬಿಡಬೇಕಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಮುಗಿದ ಮೇಲೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ ಒಂದು ಆಯೋಗ ಮಾಡಿದರು. ಅದರ ಹೆಸರಿನಲ್ಲೇ ಸತ್ಯ ಮೊದಲು, ಸಮಾಧಾನ ಆಮೇಲೆ. ಕೊಂದವನು, ಹಿಂಸೆ ಕೊಟ್ಟವನು ತಾನು ಮಾಡಿದ್ದನ್ನು ಪೂರ್ತಿ ಹೇಳದೆ ಅವನಿಗೆ ಕ್ಷಮಾದಾನ ಇರಲಿಲ್ಲ. ಮಗನನ್ನು ಕಳೆದುಕೊಂಡ ತಾಯಂದಿರು ಆ ಕುರ್ಚಿಗಳಲ್ಲಿ ಕೂತು ಕೇಳಿದರು.

ಉತ್ತರ ಐರ್ಲೆಂಡಿನದು ಇನ್ನೂ ನಮಗೆ ಹತ್ತಿರದ ಕಥೆ. ಅಲ್ಲಿ ಹೊಡೆದಾಡಿದ ಎರಡೂ ಕಡೆಯವರು, ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ, ಕ್ರೈಸ್ತರೇ. ಮೂವತ್ತು ವರ್ಷದಲ್ಲಿ 3,500ಕ್ಕೂ ಜಾಸ್ತಿ ಜನ ಸತ್ತರು. ಬೆಲ್‌ಫಾಸ್ಟ್ ಊರಿನಲ್ಲಿ ಕೇರಿಗೂ ಕೇರಿಗೂ ನಡುವೆ ಎತ್ತರದ ಗೋಡೆ ಎದ್ದಿತ್ತು. ಆ ಗಲಾಟೆಯ ನಡುವೆಯೇ, 1981ರಲ್ಲಿ, ಕ್ಲೊನಾರ್ಡ್ ಅನ್ನುವ ಕ್ಯಾಥೊಲಿಕ್ ಮಠದವರೂ ಫಿಟ್ಜ್‌ರಾಯ್ ಅನ್ನುವ ಪ್ರೆಸ್ಬಿಟೇರಿಯನ್ ಸಭೆಯವರೂ ಒಟ್ಟಿಗೆ ಕೂತು ಬೈಬಲ್ ಓದಲು ಶುರು ಮಾಡಿದರು. ಶಾಂತಿ ಒಪ್ಪಂದ ಆದದ್ದು 1998ರಲ್ಲಿ, ಹದಿನೇಳು ವರ್ಷದ ಮೇಲೆ. ದೊಡ್ಡವರು ಮೇಜಿನ ಮುಂದೆ ಸಹಿ ಹಾಕುವ ಮೊದಲು ಯಾರೋ ಹೀಗೆ ವರ್ಷಾನುಗಟ್ಟಲೆ ಗೋಡೆ ದಾಟಿ ಹೋಗಿ ಬಂದಿರುತ್ತಾರೆ.

ನಮ್ಮ ದೇಶದಲ್ಲೇ ನಡೆದದ್ದು ಗ್ಲಾಡಿಸ್ ಸ್ಟೇನ್ಸ್ ಅವರ ಕಥೆ, ಆಸ್ಟ್ರೇಲಿಯಾದಿಂದ ಬಂದ ಮಿಷನರಿಯೊಬ್ಬರ ಹೆಂಡತಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನೊಳಗೇ ಸುಟ್ಟರು. ಆ ತಾಯಿ ಕ್ಷಮಿಸಿದ್ದೇನೆ ಅಂದರು, ಕುಷ್ಠರೋಗಿಗಳ ಸೇವೆಗೆ ಆಮೇಲೂ ಕೆಲವು ವರ್ಷ ಅಲ್ಲೇ ಉಳಿದರು. ನಮ್ಮ ಸಭೆಯಲ್ಲಿ ಈ ಕಥೆ ಎಷ್ಟೋ ಸಲ ಹೇಳಿದ್ದೇವೆ. ಹೇಳುವಾಗೆಲ್ಲ ನಾವು ಕ್ಷಮಿಸುವವರ ಜಾಗದಲ್ಲೇ ನಿಂತಿರುತ್ತೇವೆ. ಕ್ಷಮೆ ಕೇಳಬೇಕಾದವರ ಜಾಗದಲ್ಲಿ ನಿಂತು ಹೇಳಿದ್ದು ನನಗೆ ನೆನಪಿಲ್ಲ.

ಮೂರನೇ ದಿನ

ಬಸ್ ಮಧ್ಯಾಹ್ನಕ್ಕೆ. ಬೆಳಿಗ್ಗೆ ಚಿತ್ರದುರ್ಗದ ಕೋಟೆ ಹತ್ತಿದೆ. ನಿಜ ಹೇಳಬೇಕಂದ್ರೆ ಹೊತ್ತು ಮುಂದೂಡಲು ಹತ್ತಿದೆ. ಏಳು ಸುತ್ತಿನ ಕೋಟೆ. ಬಾಗಿಲುಗಳು ನೇರವಾಗಿಲ್ಲ, ಒಂದು ಬಾಗಿಲು ದಾಟಿದರೆ ದಾರಿ ಪಕ್ಕಕ್ಕೆ ತಿರುಗುತ್ತೆ, ಮತ್ತೆ ಗೋಡೆ. ಒಳಗೆ ನುಗ್ಗುವವನಿಗೆ ಮುಂದೆ ಏನಿದೆ ಅಂತ ಕಾಣಬಾರದು ಅಂತಲೇ ಹಾಗೆ ಕಟ್ಟಿದ್ದಾರೆ. ಮದ್ದು ಬೀಸುತ್ತಿದ್ದ ದೊಡ್ಡ ಬೀಸುಕಲ್ಲುಗಳು, ಅಕ್ಕ ತಂಗಿ ಹೊಂಡ, ಓಬವ್ವನ ಕಿಂಡಿ ನೋಡಿದೆ. ಇಷ್ಟೆಲ್ಲಾ ಇದ್ದ ಕೋಟೆಯೂ 1779ರಲ್ಲಿ ಹೈದರಾಲಿಯ ಕೈಗೆ ಹೋಯ್ತು.

ಮೇಲೆ ಗಾಳಿಗೆ ಮುಖ ಕೊಟ್ಟು ಕೂತಾಗ ಯಾಕೋಬ ನೆನಪಾದ. ಅಣ್ಣ ಏಸಾವನಿಗೆ ಮೋಸ ಮಾಡಿ ಓಡಿಹೋದವನು, ಇಪ್ಪತ್ತು ವರ್ಷದ ಮೇಲೆ ವಾಪಸ್ ಬರುತ್ತಾನೆ. ಅಣ್ಣ ನಾನೂರು ಜನರ ಜೊತೆ ಎದುರು ಬರುತ್ತಿದ್ದಾನೆ ಅಂತ ಕೇಳಿ ನಡುಗುತ್ತಾನೆ. ಹತ್ತಿರ ಹೋಗುವಾಗ ಏಳು ಸಲ ನೆಲಮುಟ್ಟ ಬಗ್ಗುತ್ತಾನೆ. ಏಳು. ಇಲ್ಲಿ ಒಬ್ಬರೂ ಹತ್ತಿರ ಬಾರದಿರಲಿ ಅಂತ ಏಳು ಸುತ್ತು ಕಟ್ಟಿದ್ದಾರೆ, ಅಲ್ಲಿ ಹತ್ತಿರ ಹೋಗಲು ಅವನು ಏಳು ಸಲ ಬಗ್ಗಿದ. ಏಸಾವ ಓಡಿಬಂದು ಅಪ್ಪಿಕೊಂಡ ಅನ್ನುವುದನ್ನೇ ನಾವು ಜಾಸ್ತಿ ಹೇಳ್ತೀವಿ. ಆಮೇಲೆ ಅಣ್ಣತಮ್ಮಂದಿರು ಬೇರೆ ಬೇರೆ ದಾರಿಯಲ್ಲೇ ಹೋದರು, ಒಂದೇ ಮನೆಯಲ್ಲಿ ಬಾಳಲಿಲ್ಲ. ಅದೂ ಅಲ್ಲೇ ಬರೆದಿದೆ.

ಚಳ್ಳಕೆರೆ ದಾಟಿದ ಮೇಲೆ ಶೇಂಗಾ ಹೊಲಗಳು. ಮಳೆ ಕೈ ಕೊಟ್ಟಿರಲಿಲ್ಲ, ಗಿಡ ಹಸಿರಾಗಿತ್ತು. ರಾತ್ರಿ ಮೊಳಕಾಲ್ಮುರಿನಲ್ಲಿ ಉಳಿದೆ. ದೊಡ್ಡಪ್ಪನ ಮಗನಿಗೆ, ಅಂದರೆ ನಮ್ಮಣ್ಣನಿಗೆ ಫೋನ್ ಮಾಡಿದೆ. ಅವನ ನಂಬರ್ ನನ್ನ ಹತ್ತಿರ ಆರು ವರ್ಷದಿಂದ ಇತ್ತು, ಒಮ್ಮೆಯೂ ಒತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಾ. ಅಪ್ಪ ಏನಂತಾನೋ ನಾ ಕಾಣೆ" ಅಂದ.

ನಾಲ್ಕನೇ ದಿನ

ಅಣ್ಣ ಬೈಕ್ ತಂದಿದ್ದ. ದಾರಿಯಲ್ಲಿ ಬ್ರಹ್ಮಗಿರಿ ಹತ್ತಿರ ನಿಲ್ಲಿಸಿದ. ಅಪ್ಪ ಚಿಕ್ಕವನಾಗಿದ್ದಾಗ ಇಲ್ಲೇ ಕುರಿ ಬಿಡುತ್ತಿದ್ದನಂತೆ. ಊರವರು ಅಕ್ಷರದ ಗುಂಡು ಅನ್ನುತ್ತಿದ್ದ ಬಂಡೆ ಇದು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇದನ್ನು ಓದಿಸಿದ ಮೇಲೆ ಅಶೋಕನ ಶಾಸನ ಅಂತ ಗೊತ್ತಾಯ್ತು. ತಂದೆ ತಾಯಿಯ ಮಾತು ಕೇಳಬೇಕು, ಜೀವಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅಂತ ಅದರಲ್ಲಿದೆ. ಸವೆದ ಅಕ್ಷರ, ನನಗೆ ಒಂದೂ ಓದಲು ಬರಲಿಲ್ಲ. ಅಣ್ಣ ಬೈಕ್ ಮೇಲೇ ಕೂತಿದ್ದ. "ಚಿಗಪ್ಪ ಈ ಬಂಡೆ ಮ್ಯಾಲೆ ಜಾರಿ ಹಲ್ಲು ಮುರ್ಕೊಂಡಿದ್ನಂತೆ. ಅಪ್ಪ ಈಗ್ಲೂ ಹೇಳ್ತಾನೆ" ಅಂದ. ನಮ್ಮಪ್ಪನ ಮುಂದಿನ ಹಲ್ಲು ಮುರಿದಿತ್ತು, ಯಾಕೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅಪ್ಪ ಇಲ್ಲಿನದು ಏನನ್ನೂ ಮನೆಗೆ ತಂದಿರಲಿಲ್ಲ. ಹಲ್ಲಿನ ಕಥೆ ಕೂಡ.

ಮನೆ ಅದೇ. ಪಡಸಾಲೆಯ ಕಂಬ ಅದೇ. ದೊಡ್ಡಪ್ಪ ಕಂಬಳಿ ಹಾಸಿದ ಮಂಚದ ಮೇಲೆ ಕೂತಿದ್ದ. "ಬಾ" ಅಂದ. ದೊಡ್ಡಮ್ಮ ಒಳಗಿಂದ ನೀರಿನ ಚೊಂಬು ತಂದು ನನ್ನ ಮುಂದೆ ಇಟ್ಟಳು, ಕೈಗೆ ಕೊಡಲಿಲ್ಲ. ಮುಖ ನೋಡಲಿಲ್ಲ.

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲಾ ಮರೆತೆ. ನೆಲದ ಮೇಲೆ ಕೂತು, "ದೊಡ್ಡಮ್ಮಾ, ಅಜ್ಜಿ ತಿಥಿ ದಿನ ನಾನು ನಿಂಗೊಂದು ಮಾತು ಅಂದಿದ್ದೆ" ಅಂದೆ.

ದೊಡ್ಡಪ್ಪ ಕೈ ಎತ್ತಿದ. "ಆಗಿದ್ದು ಆತು ಬಿಡಪ್ಪಾ. ಹುಡುಗ್ರು ನೀವು. ಉಂಡು ಹೋಗು."

ದೊಡ್ಡಮ್ಮ ಆಗ ಮೊದಲ ಸಲ ತಲೆ ಎತ್ತಿದಳು. ನನ್ನ ಕಡೆ ಅಲ್ಲ, ದೊಡ್ಡಪ್ಪನ ಕಡೆ. "ನೀ ಸುಮ್ಕಿರು. ಬಿಡಾದು ನಿಂದಲ್ಲ. ಅವ್ನು ಹೇಳ್ಲಿ" ಅಂದಳು.

ಹೇಳಿದೆ. ಅವತ್ತು ಅಂದ ಎರಡೂ ವಾಕ್ಯ, ಹಾಗೆಯೇ, ಒಂದು ಪದ ಮೆತ್ತಗೆ ಮಾಡದೆ ಹೇಳಿದೆ. ನನ್ನ ಬಾಯಿಂದ ಎರಡನೇ ಸಲ ಆ ಮಾತು ಬಂದಾಗ ಅದೆಷ್ಟು ಭಾರ ಅಂತ ಗೊತ್ತಾಯ್ತು. "ಅದು ಹೇಳೋಕೆ ನಾನ್ಯಾರೂ ಅಲ್ಲ ದೊಡ್ಡಮ್ಮಾ. ಅಜ್ಜಿ ಸೇವೆ ಮಾಡಿದೋಳು ನೀನು. ತಪ್ಪು ಮಾಡ್ದೆ" ಅಂದೆ.

ತುಂಬಾ ಹೊತ್ತು ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ಆಮೇಲೆ ಹೇಳಿದಳು. "ನಾ ಓದಿದೋಳಲ್ಲ. ನೀವು ಪುಸ್ತಕ ಓದ್ತಿದ್ರಿ. ಹೌದೇನೋ ಅಂದ್ಕಂಡೆ. ವರ್ಷ ವರ್ಷ ಎಡೆ ಇಡಾವಾಗ, ಈ ಮುದ್ಕಿ ಬೆಂಕಿಯಾಗೆ ಕುಂತಿದ್ರೆ ಈ ಅನ್ನ ಅಲ್ಲಿಗೆ ಹೆಂಗೆ ಹೋತೈತಿ ಅಂತ ಅಳ್ತಿದ್ದೆ. ಯಾರ್ಗೂ ಹೇಳಿಲ್ಲ."

ದೊಡ್ಡಪ್ಪನಿಗೂ ಅದು ಗೊತ್ತಿರಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತಾ ಕೂತ.

ಮೂವತ್ತು ವರ್ಷ ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ ಅಂದುಕೊಂಡಿದ್ದೆ. ಅವಳು ನನ್ನ ಮಾತನ್ನು ನಂಬಿದ್ದಳು. ಇದಕ್ಕೆ ನಾನು ತಯಾರಾಗಿರಲಿಲ್ಲ. ನಾನು ನಂಬಿದ ದೇವರು ಶಿಲುಬೆಯ ಮೇಲೆ ತನ್ನನ್ನು ಕೊಂದವರಿಗಾಗಿ ಬೇಡಿಕೊಂಡವನು. ಅವನ ಹೆಸರಲ್ಲಿ ನಾನು ಒಬ್ಬ ಹೆಂಗಸಿನ ಮನೆಯೊಳಗೆ ಬೆಂಕಿ ಇಟ್ಟು ಬಂದಿದ್ದೆ.

ನಾನು ಅತ್ತೆನೋ ಇಲ್ಲವೋ, ಎಷ್ಟು ಹೊತ್ತು ಅತ್ತೆನೋ ಬರೆಯುವುದಿಲ್ಲ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಆಯ್ತು. ಊಟಕ್ಕೆ ಕೂರುವ ಮೊದಲು ನಾನು ಪ್ರಾರ್ಥನೆ ಮಾಡಲು ಹಿಂಜರಿದೆ. ದೊಡ್ಡಮ್ಮ ಕೈಯಲ್ಲಿ ಸೌಟು ಹಿಡಿದು ನಿಂತು, "ಮಾಡ್ಕ, ಸಾರು ಆರ್ತೈತಿ" ಅಂದಳು. ಎರಡನೇ ಮುದ್ದೆಯನ್ನು ಕೇಳದೇ ಹಾಕಿದಳು.

ಸಂಜೆ ಹೊಲದ ಬದುವಿನಲ್ಲಿರುವ ಅಜ್ಜಿಯ ಗುಡ್ಡೆಗೆ ಮೂವರೂ ಹೋದೆವು. ದೊಡ್ಡಪ್ಪ ಕಾಯಿ ಒಡೆದ, ಊದುಬತ್ತಿ ಹಚ್ಚಿದ. ನಾನು ಪಕ್ಕದಲ್ಲಿ ನಿಂತು ನನ್ನ ರೀತಿಯಲ್ಲಿ ದೇವರಿಗೆ ಅಜ್ಜಿಗಾಗಿ ಕೃತಜ್ಞತೆ ಹೇಳಿದೆ. ಒಡೆದ ಕಾಯಿಯನ್ನು ಅವನು ನನ್ನ ಕೈಗೆ ಕೊಡಲು ಬರಲಿಲ್ಲ, ನಾನೂ ಕೇಳಲಿಲ್ಲ. ನಮ್ಮಿಬ್ಬರ ನಂಬಿಕೆ ಬೇರೆ, ಅದು ಇವತ್ತೂ ಬೇರೆಯೇ. ಅಪ್ಪನ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ.

ಐದನೇ ದಿನ

ಬಸ್ ನಿಲ್ಲುವ ಕಡೆಗೆ ದೊಡ್ಡಪ್ಪನೇ ಬಂದ. ಕೋಲು ಊರಿಕೊಂಡು, ನಿಧಾನಕ್ಕೆ. ಬೇಡ ಅಂದರೂ ಕೇಳಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ರಸ್ತೆ ನೋಡಿದ. ಬಸ್ ದೂರದಲ್ಲಿ ಕಂಡಾಗ ಕೇಳಿದ.

"ನಿಮ್ಮಪ್ಪನ ಗೋರಿ ಮ್ಯಾಲೆ ಕಲ್ಲು ನಿಲ್ಸೀರಾ?"

"ಹೂಂ ದೊಡ್ಡಪ್ಪಾ."

"ಏನು ಬರ್ಸೀರಿ?"

ಹೆಸರು, ಹುಟ್ಟಿದ್ದು, ಸತ್ತದ್ದು, ಕೀರ್ತನೆಯ ಒಂದು ವಚನ ಅಂದೆ.

"ನಮ್ಮಪ್ಪನ ಹೆಸ್ರು ಐತಾ? ಇಂಥೋನ ಮಗ ಅಂತ?"

ಇಲ್ಲ. ಯಾರಿಗೂ ಹೊಳೆದಿರಲಿಲ್ಲ. ಹೌದು ಅಂತ ಹೇಳಿಬಿಡೋಣ ಅಂತ ಒಂದು ಕ್ಷಣ ಅನಿಸಿತು, ಅವನು ನೋಡಲು ಬರುವುದು ಎಲ್ಲಿ ಅಂತ. "ಇಲ್ಲ ದೊಡ್ಡಪ್ಪಾ" ಅಂದೆ.

ತಲೆ ಆಡಿಸಿದ. "ಬರ್ಸು. ಬಂದಾಗ ನೋಡ್ತೀನಿ."

ದಾವಣಗೆರೆ ಮುಟ್ಟಿದ ಮೇಲೆ ಮನೆಗೂ ಹೋಗದೆ, ಕಲ್ಲು ಕೆತ್ತುವವನನ್ನು ಕರೆದುಕೊಂಡು ಸಮಾಧಿ ಜಾಗಕ್ಕೆ ಹೋದೆ. ಅವನು ಕಲ್ಲಿನ ಮೇಲೆ ಗೇಣು ಇಟ್ಟು ಅಳೆದ. ಅಪ್ಪನ ಹೆಸರಿನ ಕೆಳಗೆ ಒಂದು ಸಾಲಿಗೆ ಜಾಗ ಇದೆ, ಅಕ್ಷರ ಸ್ವಲ್ಪ ಸಣ್ಣದು ಮಾಡಬೇಕು ಅಂದ.